ಏರಿ ಅಂದರೆ ಮಣ್ಣು

ಶಕ್ತಿವೇಲ್ ಕೌಂಡರು ನಮ್ಮ ಅತ್ತೆಯನ್ನು ಕನ್ನಡದಲ್ಲಿ ಮಾತಾಡಿಸಿದಾಗಲೇ ನನಗೆ ಅನುಮಾನ ಬಂತು.

ಕನ್ನಡ ನಮ್ಮ ಮನೆಮಾತು. ಅವರದೂ ಅದೇ. ತಮಿಳುನಾಡಿನ ತೇವಾರದ ಹತ್ತಿರ, ಈ ಬೆಟ್ಟದ ಬುಡದಲ್ಲಿ, ಭೂಮಿ ಇರುವ ಕೌಂಡರೂ ಆ ಭೂಮಿಯಲ್ಲಿ ಬೆನ್ನು ಮುರಿಯುವ ನಾವೂ ಮನೆಯೊಳಗೆ ಆಡುವುದು ಒಂದೇ ಮಾತು. ಬೀದಿಗೆ ಬಂದರೆ ಎಲ್ಲರಿಗೂ ತಮಿಳು. ಆದರೆ ಕೌಂಡರು ನಮ್ಮ ಜೊತೆ ಕನ್ನಡ ಆಡುವುದಿಲ್ಲ. ನಾವು ಅವರ ಜೊತೆ ಆಡಕೂಡದು.

ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದು ಗೊತ್ತಿರಲಿಲ್ಲ. ದೊಡ್ಡಮನೆಯ ಹಿತ್ತಲಲ್ಲಿ ಬೆಳಗಿನಿಂದ ಹುಣಸೆಹಣ್ಣು ಬಡಿದು ಗಂಟಲು ಒಣಗಿತ್ತು. “ಅವ್ವಾ, ಕುಡ್ಯಾಕೆ ಒಸಿ ನೀರು ಕೊಡ್ರವ್ವಾ” ಅಂದೆ. ಕೌಂಡರ ತಾಯಿ ಹಾವು ಕಂಡವರ ಹಾಗೆ ಎದ್ದು ನಿಂತರು. “ನಮ್ ಪಾಷೆ ನಿನ್ ಬಾಯ್ನಾಗೆ ಯಾಕೆ? ತಮಿಳ್ನಾಗೆ ಕೇಳು.” ತಮಿಳಲ್ಲಿ ಕೇಳಿದೆ. ಮೇಲಿಂದ ಬೊಗಸೆಗೆ ಹೊಯ್ದರು. ಅರ್ಧ ನೀರು ಕುಡಿದೆ, ಅರ್ಧ ಸೀರೆ ಕುಡಿಯಿತು. ಆ ದಿನದ ಕೋಪ ನನ್ನ ಹೊಟ್ಟೆಯಲ್ಲಿ ಇನ್ನೂ ಇದೆ. ನನ್ನ ಹೆಸರು ಮೂಕಮ್ಮಾಳ್. ಹೆಸರಿಗೆ ತಕ್ಕ ಹಾಗೆ ಬಾಯಿ ಮುಚ್ಚಿಕೊಂಡೇ ಇರುತ್ತಾಳೆ ಅಂತ ಅವರು ಅಂದುಕೊಂಡಿದ್ದರು.

ಅಂಥ ಮನೆಯ ಮಗ ನಮ್ಮ ಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು, ಕನ್ನಡದಲ್ಲಿ “ಅಜ್ಜೀ, ಚೆನ್ನಾಗಿದ್ದೀಯಾ?” ಅಂದರೆ ಅನುಮಾನ ಬರದೆ ಇನ್ನೇನು ಬರುತ್ತದೆ? ಬೆಕ್ಕು ಸುಮ್ಮನೆ ಜಪ ಮಾಡುವುದಿಲ್ಲ.

ನಾವಿರುವುದು ಹುಣಸೆಗೆರೆಯ ಏರಿಯ ಮೇಲೆ. ಏರಿ ಅಂದರೆ ಕೆರೆಯ ಕಟ್ಟೆ, ನೀರನ್ನು ತಡೆದು ಹಿಡಿದ ಮಣ್ಣು. ಬಂಡಿ ಓಡುವಷ್ಟು ಅಗಲದ ಏರಿ. ಅದರ ಮೇಲೆ ತಾಳೆಮರಗಳ ಸಾಲು, ಮರಗಳ ಸಾಲಿನಲ್ಲಿ ನಮ್ಮ ಮನೆಗಳು. ಊರಲ್ಲಿ ಜಾಗ ಕೊಡದೆ ಇಲ್ಲಿ ಇಟ್ಟಿದ್ದಾರೆ. ಯಾಕೆ ಅಂದರೆ ನಾವು ನೀರುಗಂಟಿಗಳು. ಏರಿಯಲ್ಲಿ ಬಿರುಕು ಬಿಟ್ಟರೆ ಮಣ್ಣು ಮೆತ್ತುವವರು ನಾವು. ಹೂಳು ಹೊರುವವರು ನಾವು. ತೂಬು ತೆಗೆಯುವವರು ನಾವು.

ತೂಬು ತೆಗೆಯುವುದು ಅಂದರೆ ಏನು ಅಂತ ಗದ್ದೆಯವರಿಗೆ ಗೊತ್ತಿಲ್ಲ. ಅವರಿಗೆ ಕಾಲುವೆಯಲ್ಲಿ ನೀರು ಬಂದರೆ ಸಾಕು. ಕೆರೆಯ ತಳದಲ್ಲಿ ಒಂದು ಕಲ್ಲು, ಕಲ್ಲಿನಲ್ಲಿ ತೂತು, ತೂತಿನಲ್ಲಿ ಮರದ ಗೂಟ. ಉಸಿರು ಕಟ್ಟಿ ಮುಳುಗಬೇಕು. ಕೆಸರಲ್ಲಿ ಕಣ್ಣು ಕಾಣುವುದಿಲ್ಲ, ಕೈಯಿಂದ ತಡಕಬೇಕು. ಕಿವಿಯೊಳಗೆ ಮೊಳೆ ಹೊಡೆದ ಹಾಗೆ ನೋವು. ಗೂಟ ಕಿತ್ತ ಕೂಡಲೇ ನೀರು ನುಗ್ಗುತ್ತದೆ. ಕೈ ಹಿಂದಕ್ಕೆ ಎಳೆದುಕೊಂಡರೆ ಬದುಕಿದ. ನನ್ನ ಮಾವ ಎಳೆದುಕೊಳ್ಳಲಿಲ್ಲ. ತೂಬು ಅವರ ತೋಳನ್ನು ಹೆಗಲವರೆಗೆ ನುಂಗಿ ಹಿಡಿದುಕೊಂಡಿತು. ಹೆಣ ಬಿಡಿಸುವ ತನಕ ಕೌಂಡರ ಗದ್ದೆಗೆ ನೀರು ಹರಿಯುತ್ತಲೇ ಇತ್ತು. ಆ ವರ್ಷ ಒಳ್ಳೆಯ ಬೆಳೆ ಬಂತು ಅಂತ ಈಗಲೂ ಹೇಳುತ್ತಾರೆ.

ಮಾವನ ಕೆಲಸ ನನ್ನ ಗಂಡ ಅಯ್ಯನಾರನ ತಲೆಗೆ ಬಂತು. ಅವನ ಒಂದು ಕಿವಿ ಕೇಳುವುದಿಲ್ಲ.

ಕೌಂಡರು ಬಂದ ದಿನ ಬಿಸಿಲು ಸುಡುತ್ತಿತ್ತು. ಕೆರೆ ಬತ್ತಿ ನೀರು ನಡುವಿನ ಗುಂಡಿಗೆ ಇಳಿದಿತ್ತು, ಕೆರೆ ಎಲ್ಲಿ ಮುಗಿಯಿತು ಅಂತ ಹೊರಗಿನವರಿಗೆ ತಿಳಿಯುವ ಹಾಗಿರಲಿಲ್ಲ. ಅವರ ಹಿಂದೆ ಒಂದು ಜೀಪು, ಜೀಪಿನಲ್ಲಿ ಒಬ್ಬ ಅಧಿಕಾರಿ. ಮೆಡ್ರಾಸ್ ಕಡೆಯವರು, ಹೊಸಬರು. ಕೆರೆಯೊಳಗೆ ಮನೆ ಕಟ್ಟಿಕೊಂಡವರನ್ನು ಎಬ್ಬಿಸಬೇಕು, ಕಟ್ಟೆಯ ಮೇಲಿರುವ ನೀರುಗಂಟಿಗಳನ್ನು ಹಾಗೇ ಬಿಡಬೇಕು ಅಂತ ಮೇಲಿನಿಂದ ಆಜ್ಞೆಯಂತೆ. ಅಧಿಕಾರಿ ನೆರಳು ಬಿಟ್ಟು ಬರಲಿಲ್ಲ. ಜೀಪಿನ ಪಕ್ಕ ನಿಂತೇ ತಮಿಳಲ್ಲಿ ಏನೋ ಕೇಳಿದರು. ನಾನು ದೂರದಲ್ಲಿ ಸಗಣಿ ತಟ್ಟುತ್ತಿದ್ದೆ, ಸರಿಯಾಗಿ ಕೇಳಿಸಲಿಲ್ಲ.

ಕೌಂಡರು ಅತ್ತೆಯ ಕಡೆ ಬಗ್ಗಿದರು. ಅತ್ತೆಯ ಹೆಸರು ಕಾಳಿಯಮ್ಮಾಳ್. ತಮಿಳು ಬರುತ್ತದೆ, ಆದರೆ ಪೇಟೆಯ ತಮಿಳು ಕೇಳಿದರೆ ಗಾಬರಿಯಾಗುತ್ತಾಳೆ.

“ಅಜ್ಜೀ, ನೀವೆಲ್ಲಾ ಕೆರೆ ಒಳಗೆ ಇದ್ದೀರೋ, ಏರಿ ಮ್ಯಾಲೆ ಇದ್ದೀರೋ? ಅಯ್ಯಾ ಅವರಿಗೆ ಕೇಳೋ ಅಂಗೆ ಗಟ್ಟಿಯಾಗಿ ಒಂದೇ ಮಾತು ಹೇಳು.”

“ಏರಿ ಸಾಮಿ, ಏರಿ!” ಅತ್ತೆ ಎದ್ದು ನಿಂತು ಕೂಗಿದಳು. ಎದೆ ತಟ್ಟಿಕೊಂಡಳು. “ನಮ್ಮ ತಾತ ಮುತ್ತಾತ ಎಲ್ಲಾ ಏರಿ!”

ಅಧಿಕಾರಿ ತಲೆ ಆಡಿಸಿದರು. ಕೌಂಡರನ್ನು ನೋಡಿದರು. ಕೌಂಡರೂ ತಲೆ ಆಡಿಸಿದರು. ಜೀಪು ಹೋಯಿತು.

ಅತ್ತೆಗೆ ಆ ದಿನ ಊಟ ಸೇರಲಿಲ್ಲ, ಅಷ್ಟು ಸಂತೋಷ. “ದೊಡ್ಡಮನೆ ಮಗ ನಮ್ ಮಾತ್ನಾಗೆ ಕೇಳ್ದ ನೋಡು. ಕಾಲ ಬದಲಾಯ್ತು ಮೂಕಾ.”

“ಕಾಲ ಬದಲಾದ್ರೆ ಕೂಲಿ ಬದಲಾಗಬೇಕಿತ್ತಲ್ಲ ಅತ್ತೆ. ಬರೀ ಮಾತು ಯಾಕೆ ಬದಲಾಯ್ತು?”

“ನಿಂಗೆ ಎಲ್ಲಾನೂ ಅನುಮಾನ.”

ಹೌದು, ನನಗೆ ಎಲ್ಲದರಲ್ಲೂ ಅನುಮಾನ. ಅನುಮಾನ ಇಲ್ಲದ ನನ್ನ ಮಾವ ತೂಬಿನಲ್ಲಿ ಸತ್ತರು.

ಎರಡು ವಾರದಲ್ಲಿ ಬಣ್ಣದ ಡಬ್ಬಿ ಹಿಡಿದವರು ಬಂದರು. ನಮ್ಮ ಒಂದೊಂದು ಗೋಡೆಯ ಮೇಲೂ ಕೆಂಪು ಗುರುತು. ಮಳೆಗಾಲ ಮುಗಿಯುವುದರೊಳಗೆ ಮನೆ ಕೆಡವುತ್ತಾರೆ ಅಂದರು. ಅಯ್ಯನಾರ್ ಮತ್ತು ನಾನು ಬಸ್ಸು ಹತ್ತಿ ಆಫೀಸಿಗೆ ಹೋದೆವು. ಒಳಗೆ ಬಿಡಲಿಲ್ಲ. ಬಾಗಿಲಲ್ಲಿದ್ದವನು ಹೇಳಿದ: “ನಿಮ್ಮ ಮುದುಕಿ ಅವಳ ಬಾಯಿಂದಲೇ ಒಪ್ಪಿಕೊಂಡಿದ್ದಾಳೆ. ಕೌಂಡರು ಸಾಕ್ಷಿ.”

“ಏನು ಒಪ್ಪಿಕೊಂಡಳು?”

“ಎಲ್ಲಿ ಇದ್ದೀರಿ ಅಂತ.”

“ಏರಿ ಅಂದಳು. ಅದರಲ್ಲಿ ಏನು ತಪ್ಪು?”

“ಅದನ್ನೇ ನಾನೂ ಹೇಳ್ತಿರೋದು. ಏರಿ ಅಂದಳು. ಹೋಗಿ.”

ನಮಗೆ ಬುಡವೂ ತಿಳಿಯಲಿಲ್ಲ, ತುದಿಯೂ ತಿಳಿಯಲಿಲ್ಲ. ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯಾಚೆ ಬೋಡಿಮೆಟ್ಟಿನ ಬೆಟ್ಟ ನೋಡುತ್ತಾ ಕೌಂಡರ ಆ ಸಿಹಿ ಕನ್ನಡವನ್ನೇ ನೆನೆಯುತ್ತಿದ್ದೆ. ಆ ಮಾತಿನಲ್ಲಿ ಎಲ್ಲೋ ಮುಳ್ಳು ಇತ್ತು. ಎಲ್ಲಿ ಅಂತ ಕೈಗೆ ಸಿಗಲಿಲ್ಲ.

ಕೆರೆಯ ಪಡುವಣ ಕಡೆ, ಏರಿಗೆ ಎದುರು ದಡದಲ್ಲಿ, ನೆಲ ಇಳಿಜಾರು. ಕೆರೆ ತುಂಬಿದರೆ ಅಲ್ಲೆಲ್ಲ ಎದೆ ಮಟ್ಟ ನೀರು. ಕೌಂಡರು ಅಲ್ಲಿ ಪ್ಲಾಟು ಮಾಡಿ ಮಾರಲು ಮಣ್ಣು ಸುರಿಸಿ, ಕಲ್ಲು ನೆಡಿಸಿ, ಕಮಾನು ಕಟ್ಟಿಸಿದ್ದರು. ಕಮಾನಿನ ಮೇಲೆ ‘ಏರಿ ನಗರ್’ ಅಂತ ತಮಿಳಲ್ಲಿ ದೊಡ್ಡ ಅಕ್ಷರ. ಓದಿದವರು ಓದಿ ಹೇಳಿದಾಗ ನಮ್ಮ ಕೇರಿಯಲ್ಲಿ ಕೆಲವರಿಗೆ ಖುಷಿಯಾಯಿತು. “ನಮ್ಮ ಏರಿ ಹೆಸರೇ ಇಟ್ಟವ್ನೆ ನೋಡು” ಅಂದರು. ನನಗೆ ಅದೂ ಅನುಮಾನವೇ. ನಮ್ಮನ್ನು ಹತ್ತಿರ ಸೇರಿಸದವರು ನಮ್ಮ ಏರಿಯ ಹೆಸರು ಯಾಕೆ ಸೇರಿಸಿಕೊಂಡರು?

ಆ ವರ್ಷ ತೂಬು ಮುಚ್ಚಬೇಡ ಅಂತ ಅಯ್ಯನಾರನಿಗೆ ಅವರ ಕಟ್ಟಪ್ಪಣೆ. ಬಂದ ನೀರು ಬಂದ ಹಾಗೆ ಹರಿದುಹೋಗಬೇಕು, ಪ್ಲಾಟು ಒಣಗಿರಬೇಕು. ಕೆಳಗಿನ ಗದ್ದೆಗಳನ್ನು ಅವರೇ ಕೊಂಡಾಗಿತ್ತು, ಕೇಳುವವರು ಯಾರೂ ಇರಲಿಲ್ಲ.

ಏರಿ ನಗರದ ಉದ್ಘಾಟನೆಗೆ ನಮ್ಮನ್ನೇ ಕೂಲಿಗೆ ಕರೆದರು. ನಾವು ಮುಳ್ಳು ಕಡಿದೆವು, ಗುಡಿಸಿದೆವು, ಕಲ್ಲುಗಳಿಗೆ ಸುಣ್ಣ ಬಳಿದೆವು. ಸುಣ್ಣದಲ್ಲಿ ನನ್ನ ಬೆರಳುಗಳ ಸಂದು ಒಡೆದು ರಕ್ತ ಬಂತು. ಮೆಡ್ರಾಸಿನಿಂದ, ಮದುರೆಯಿಂದ, ದಿಂಡುಕಲ್ಲಿನಿಂದ ಕಾರುಗಳು ಬಂದವು. ಶಾಮಿಯಾನ, ಕುರ್ಚಿ, ಮೈಕು. ಮೈಕಿನಲ್ಲಿ ಒಬ್ಬ ಹುಡುಗಿ ಊರಿನ ಚರಿತ್ರೆ ಹೇಳಿದಳು. ಹಲವು ನೂರು ವರ್ಷದ ಹಿಂದೆ ಕೌಂಡರ ಹಿರಿಯರು ಬಡಗಣ ಸೀಮೆಯಿಂದ ಹಸುಗಳನ್ನು ಹೊಡೆದುಕೊಂಡು, ಹೊಳೆಗಳನ್ನು ದಾಟಿ ಬಂದರಂತೆ. ಹಸು ಮಲಗಿದ ಜಾಗದಲ್ಲಿ ಊರು ಕಟ್ಟಿದರಂತೆ. ಈ ಕೆರೆಯನ್ನು ತಮ್ಮ ಕೈಯಾರೆ ತೋಡಿದರಂತೆ.

ಕೈಯಾರೆ! ನಾನು ಪೊರಕೆ ಹಿಡಿದು ಶಾಮಿಯಾನದ ಹಿಂದೆ ನಿಂತು ಕೇಳಿದೆ. ಬಂದವರು ಅವರೊಬ್ಬರೇನಾ? ನಾವು ಈ ಮಾತನ್ನು ಎಲ್ಲಿಂದ ತಂದೆವು, ಮರದಿಂದ ಕಿತ್ತೆವಾ? ಹೊಳೆ ದಾಟುವಾಗ ಹಸು ಸತ್ತರೆ ಹೊತ್ತು ಹಾಕಿದವರು ಯಾರು? ಅದರ ಚರ್ಮ ಸುಲಿದು ಅವರ ಕಾಲಿಗೆ ಮೆಟ್ಟು, ಅವರ ಬಾವಿಗೆ ಕಪಿಲೆಯ ಚೀಲ ಹೊಲಿದವರು ಯಾರು? ಚರಿತ್ರೆಯಲ್ಲಿ ಹಸುವಿಗೂ ಜಾಗ ಇದೆ, ನಮಗಿಲ್ಲ.

ಅಷ್ಟರಲ್ಲಿ ಒಬ್ಬ ಹೆಂಗಸು ಮಗುವಿನ ಕೈ ಹಿಡಿದು ನನ್ನ ಪಕ್ಕ ಬಂದು ನಿಂತಳು. ಮೆಡ್ರಾಸ್ ಕಡೆಯವಳು. ಕಪ್ಪು ಕನ್ನಡಕ. ಎದುರಿಗೆ ಕೈ ತೋರಿಸಿ ತಮಿಳಲ್ಲಿ, “ಏರಿ ಎವ್ವಳವು ಅಳಗಾ ಇರುಕ್ಕು!” ಅಂದಳು. ಏರಿ ಎಷ್ಟು ಚೆಂದ ಇದೆ ಅಂತ.

ನಾನು ಅವಳ ಕೈ ಹೋದ ಕಡೆ ನೋಡಿದೆ. ದೂರದಲ್ಲಿ ನಮ್ಮ ಏರಿ. ತಾಳೆಮರಗಳ ನಡುವೆ ನನ್ನ ಮನೆ. ಹಗ್ಗದ ಮೇಲೆ ನನ್ನ ಹಸಿರು ಸೀರೆ ಒಣಗುತ್ತಿತ್ತು. ಒಂದು ಗಳಿಗೆ ನನಗೆ ನಾಚಿಕೆ, ಹೆಮ್ಮೆ ಎರಡೂ ಆಯಿತು. ನಮ್ಮ ಮನೆಯನ್ನು ಚೆಂದ ಅಂದವರನ್ನು ನಾನು ಅದೇ ಮೊದಲು ಕಂಡದ್ದು.

ಆಗ ಮಗು ಕೇಳಿತು: “ಅಮ್ಮಾ, ಅಂದ ಏರಿಲ ಮೀನ್ ಇರುಕ್ಕಾ?”

ಏರಿಯಲ್ಲಿ ಮೀನಾ?

ಮಣ್ಣಿನಲ್ಲಿ ಮೀನು ಹೇಗಿರುತ್ತದೆ?

ನನ್ನ ಕೈಯಿಂದ ಪೊರಕೆ ಬಿತ್ತು. ಅವಳು ಕೈ ತೋರಿಸಿದ್ದು ನನ್ನ ಮನೆಯ ಕಡೆಗಲ್ಲ. ನಡುವೆ ಮಿನುಗುತ್ತಿದ್ದ ನೀರಿನ ಕಡೆಗೆ.

ಮಗಳಿಗೆ ಫೋನು ಮಾಡಿದೆ. ಯುವಶ್ರೀ ದಿಂಡುಕಲ್ಲಿನಲ್ಲಿ ನರ್ಸಿಂಗ್ ಓದುತ್ತಾಳೆ. ನಮ್ಮ ಮಾತು ಕೇಳಿದರೆ ತಿಳಿಯುತ್ತದೆ, ಆಡುವಾಗ ತಮಿಳು ನುಗ್ಗುತ್ತದೆ.

“ಯುವಾ, ಏರಿ ಅಂದ್ರೆ ಏನು?”

“ಇದೇನಮ್ಮಾ ಕೇಳ್ವಿ? ಏರಿ ಅಂದ್ರೆ ಕಣ್ಮಾಯಿ ದಾನೆ.”

“ಕಣ್ಮಾಯಿ ಅಂದ್ರೆ ಕೆರೆಯಲ್ವಾ?”

“ಆಮಾ. ನಮ್ ಪಕ್ಕ ಕಣ್ಮಾಯಿ ಅಂತಾರೆ. ಮೆಡ್ರಾಸ್ ಪಕ್ಕ ಏರಿ ಅಂತಾರೆ. ಪುಸ್ತಕದಲ್ಲೂ ಏರಿ ದಾನ್.”

“ಮತ್ತೆ ನಮ್ಮ ಏರಿ?”

“ಅದು ನಮ್ ವೀಟು ಮಾತಮ್ಮಾ, ಮನೆ ಮಾತು. ತಮಿಳ್ನಾಗೆ ಅದಕ್ಕೆ ಕರೈ ಅಂತಾರೆ. ಯಾಕಮ್ಮಾ? ಎನ್ನ ಆಚ್ಚು?”

ಕರೈ ನನಗೂ ಗೊತ್ತಿತ್ತು. ಏರಿ ಅವರ ಬಾಯಲ್ಲಿ ನೀರಾಗುತ್ತದೆ ಅನ್ನುವುದು ಗೊತ್ತಿರಲಿಲ್ಲ. ನಮ್ಮ ಕೆರೆ ಅವರಿಗೆ ಏರಿ. ನಮ್ಮ ಏರಿ ಅವರಿಗೆ ಕರೈ. ಮಣ್ಣು ನೀರಾಗಿತ್ತು. ನನ್ನ ಅತ್ತೆ ಎದೆ ತಟ್ಟಿಕೊಂಡು, ನಾವು ತಾತ ಮುತ್ತಾತನ ಕಾಲದಿಂದ ಕೆರೆಯೊಳಗೇ ಇದ್ದೇವೆ ಅಂತ ಅಧಿಕಾರಿಗೆ ಕೂಗಿ ಹೇಳಿದ್ದಳು. ಹೇಳಿಸಿದವರು ಎರಡೂ ಮಾತು ಬಲ್ಲವರು. ನಿಜವಾಗಿ ಕೆರೆಯೊಳಗಿದ್ದದ್ದು ಅವರ ಪ್ಲಾಟು, ಕೆಂಪು ಗುರುತು ಬಿದ್ದದ್ದು ನಮ್ಮ ಗೋಡೆಗೆ.

ಅದಕ್ಕೇ ಕನ್ನಡ. ಅದಕ್ಕೇ ಚಪ್ಪಲಿ ಬಿಟ್ಟದ್ದು. ನನ್ನ ಬಾಯಲ್ಲಿ ಅವರ ಭಾಷೆ ಇರಬಾರದು ಅಂದವರು ನನ್ನ ಅತ್ತೆಯ ಬಾಯಿಗೆ ಕೈ ಹಾಕಿ ನಮ್ಮ ಮನೆ ಕಿತ್ತುಕೊಂಡಿದ್ದರು.

ಅತ್ತೆಗೆ ಹೇಳಲಿಲ್ಲ. ಹೇಳಿದ್ದರೆ ಮುದುಕಿ ಆ ಕ್ಷಣವೇ ತನ್ನ ನಾಲಗೆ ಕಚ್ಚಿಕೊಂಡು ಸಾಯುತ್ತಿದ್ದಳು. ಗಂಡನಿಗೆ ಹೇಳಿದೆ. ಕೇಳುವ ಕಿವಿಯ ಹತ್ತಿರ ಕುಳಿತು, ಒಂದೊಂದೇ ಮಾತು ಬಿಡಿಸಿ ಹೇಳಿದೆ. ಅಯ್ಯನಾರ್ ಎದ್ದು, ಲುಂಗಿ ಬಿಗಿದು, ನೀರಿಗೆ ಇಳಿದ. ಮೇಲೆ ಬಂದಾಗ ಮೈಯೆಲ್ಲ ಕೆಸರು.

“ಏನ್ ಮಾಡ್ದೆ?”

“ತೂಬಿಗೆ ಗೂಟ ಬಡ್ದೆ” ಅಂದ. “ಇನ್ನು ನಾನು ತೆಗ್ಯಕ್ಕಿಲ್ಲ.”

ಮಳೆಯ ತಿಂಗಳು ಐಪ್ಪಸಿ ಬಂತು. ಮೇಲಿನ ಏಲಕ್ಕಿ ತೋಟಗಳ ಮೇಲೆ ಮೋಡ ಕೂತು ಏಳಲೇ ಇಲ್ಲ. ಬೆಟ್ಟದ ಹಳ್ಳಗಳೆಲ್ಲ ಕೆಂಪಾಗಿ ಇಳಿದು ಕೆರೆಗೆ ಬಿದ್ದವು. ನಡುವಿನ ಗುಂಡಿಯಲ್ಲಿದ್ದ ನೀರು ಅಗಲವಾಯಿತು. ಮೊದಲು ಮುಳ್ಳಿನ ಪೊದೆ ಮುಳುಗಿತು. ಆಮೇಲೆ ನಾನು ಸುಣ್ಣ ಬಳಿದ ಕಲ್ಲುಗಳ ಮೊದಲ ಸಾಲು.

ಕೌಂಡರು ಮೋಟಾರ್ ಸೈಕಲ್ಲಿನಲ್ಲಿ ಏರಿಯ ಮೇಲೆ ಬಂದರು. ಈ ಸಲ ಚಪ್ಪಲಿ ಬಿಡಲಿಲ್ಲ. ತಮಿಳಲ್ಲೇ ಶುರು ಮಾಡಿದರು. ತೂಬು ಯಾಕೋ ಮುಚ್ಚಿದೆ, ಇಳಿಯೋ, ತೆಗಿ.

ಅಯ್ಯನಾರ್ ತಾಳೆಮರಕ್ಕೆ ಒರಗಿ ಕುಳಿತಿದ್ದ. ಅವರು ಬಂದರೆ ಅವನು ಕುಳಿತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕನ್ನಡದಲ್ಲಿ ಹೇಳಿದ:

“ಎಲ್ಲಿಗೆ ಇಳೀಲಿ ಸಾಮಿ? ನಾವು ಕೆರೆ ಒಳಗೇ ಇದ್ದೀವಿ ಅಂತ ನೀವೇ ಸಾಕ್ಷಿ ಹೇಳಿದ್ದೀರಿ. ಒಳಗೇ ಇರೋನು ಇನ್ನೆಲ್ಲಿಗೆ ಇಳೀಲಿ?”

ಕೌಂಡರ ಮುಖ ಸುಟ್ಟ ಬದನೆಕಾಯಿ ಆಯಿತು. ಇವರಿಗೆ ತಿಳಿದುಹೋಗಿದೆ ಅಂತ ಅವರಿಗೆ ತಿಳಿಯಿತು. “ನೀರಿಗೆ ಇಳ್ಯೋ ನಾಯಿಗೆ ಇಷ್ಟು ಮಾತಾ?” ಅಂದರು. ಸಿಟ್ಟಿನಲ್ಲಿ ಅವರಿಗೂ ಕನ್ನಡವೇ ಬಂತು.

“ನಾಯಿ ಅಂದ್ರೆ ತಮಿಳ್ನಾಗೂ ನಾಯೇ ಸಾಮಿ” ಅಂದೆ ನಾನು. “ಆ ಮಾತು ಮಾತ್ರ ಎರಡು ಕಡೆಯೂ ಒಂದೇ ಮಾಡಿಟ್ಟಿದ್ದೀರಿ. ತೂಬು ತೆಗೀಬೇಕಾ? ನಿಮ್ಮ ಹಿರೀರು ಕೈಯಾರೆ ತೋಡಿದ ಕೆರೆ. ನೀವೇ ಇಳೀರಿ. ಗೂಟ ಎಲ್ಲೈತೆ ಅಂತ ಚರಿತ್ರೆ ಹೇಳ್ತೈತೆ.”

ಕೈ ಎತ್ತಿದರು. ಅಯ್ಯನಾರ್ ಎದ್ದು ನಿಂತ. ಮನೆಮನೆಯಿಂದ ಜನ ಹೊರಗೆ ಬಂದರು. ಕೌಂಡರು ಕೈ ಇಳಿಸಿ ಗಾಡಿ ತಿರುಗಿಸಿದರು.

ಹೊರಗಿನಿಂದ ಆಳು ತರಿಸಿದರು. ಬಂದವರು ತುಂಬುತ್ತಿರುವ ನೀರು ನೋಡಿ, ನನ್ನ ಮಾವನ ಕಥೆ ಕೇಳಿ, ಟೀ ಕುಡಿದು ವಾಪಸ್ ಹೋದರು.

ಮನೆ ಕೆಡವುವ ದಿನ ಜೆಸಿಬಿ ಬಂತು. ಪೊಲೀಸರು ಬಂದರು. ಅದೇ ಅಧಿಕಾರಿ ಬಂದರು. ಅದೇ ದಿನ ಪ್ಲಾಟು ಕೊಂಡವರೂ ಕಾರುಗಳಲ್ಲಿ ಬಂದಿದ್ದರು, ಕೌಂಡರು ಮೊದಲೇ ಕರೆಸಿದ್ದರಂತೆ. ಕೆರೆ ಕೋಡಿ ಬಿದ್ದು ಹೆಚ್ಚಿನ ನೀರು ಹೊರಗೆ ಹರಿಯುತ್ತಿತ್ತು. ಏರಿ ಗಟ್ಟಿಯಾಗಿತ್ತು, ನಾವೇ ಮೆತ್ತಿದ ಮಣ್ಣು. ನಮ್ಮ ಮನೆಗಳು ಒಣಗಿ ನಿಂತಿದ್ದವು. ಎದುರು ದಡದಲ್ಲಿ ಏರಿ ನಗರದ ಕಮಾನು ಮೊಳಕಾಲುದ್ದ ನೀರಲ್ಲಿ ನಿಂತಿತ್ತು. ಅದರ ಈಚೆ ಇಳಿಜಾರಿನಲ್ಲಿದ್ದ ಕಲ್ಲುಗಳು ಒಂದೂ ಕಾಣುತ್ತಿರಲಿಲ್ಲ. ಪ್ಲಾಟಿನವರು ಸೀರೆ, ಪ್ಯಾಂಟು ಎತ್ತಿಕೊಂಡು ಏರಿಯ ಮೇಲೆ ಬಂದು ಗುಂಪು ಸೇರಿದರು.

ಅತ್ತೆ ಬಾಗಿಲಲ್ಲಿ ಕುಳಿತಿದ್ದಳು. ಮನೆ ಬಿಟ್ಟು ಏಳುವುದಿಲ್ಲ ಅಂತ ಬೆಳಿಗ್ಗೆಯಿಂದ ಅಲ್ಲೇ.

ಕೌಂಡರು ಓಡುತ್ತಾ ಬಂದು ಅಧಿಕಾರಿಯ ಮುಂದೆ ಕೈ ಮುಗಿದರು. ತಮಿಳಲ್ಲಿ ಪಿಸುಗುಟ್ಟಿದರು. ತೂಬು ತೆಗೆಯೋಕೆ ಇವನಿಗೆ ಹೇಳಿ ಸಾರ್, ನೀರು ನುಗ್ಗುತ್ತಿದೆ.

ನಾನು ಮುಂದೆ ಹೋದೆ. ತಮಿಳಲ್ಲಿ ಕೇಳಿದೆ. “ಯಾವ ನೀರು ಸಾಮಿ? ಎಲ್ಲಿಗೆ ನುಗ್ಗುತ್ತಿದೆ? ನನ್ನ ಗಂಡನಿಗೆ ಒಂದು ಕಿವಿ ಇಲ್ಲ. ಗಟ್ಟಿಯಾಗಿ ಹೇಳಿ.”

“ಪೋಡೀ!” ಅಂದರು, ಹೋಗೇ ಅಂತ.

“ಅಯ್ಯಾ ಅವರಿಗೆ ಕೇಳೋ ಹಾಗೆ ಗಟ್ಟಿಯಾಗಿ ಒಂದೇ ಮಾತು ಹೇಳಿ ಸಾಮಿ. ಆಗಲೇ ಅವನು ಇಳಿಯೋ ವಿಚಾರ.”

ಅಷ್ಟರಲ್ಲಿ ಕಮಾನಿನ ಒಂದು ಕಂಬ ವಾಲಿತು. ಕಂಡವರು ಹೋ ಅಂದರು. ಕೌಂಡರು ತಿರುಗಿ ನೋಡಿದರು. ಆ ಗಾಬರಿಯಲ್ಲಿ ಗಂಟಲು ಹರಿಯುವ ಹಾಗೆ ಕೂಗಿದರು:

“ಏರಿಡಾ! ಏರಿ ಎನ್ ಪ್ಲಾಟುಕ್ಕುಳ್ಳ ವಂದಿರುಚ್ಚುಡಾ!”

ಏರಿ ನನ್ನ ಪ್ಲಾಟಿನೊಳಗೆ ಬಂದುಬಿಟ್ಟಿದೆ. ಅವರ ಬಾಯಿಂದಲೇ ಬಂತು. ಪ್ಲಾಟಿನವರು ಕೇಳಿದರು. ಪೊಲೀಸರು ಕೇಳಿದರು. ಕಪ್ಪು ಕನ್ನಡಕದ ಹೆಂಗಸು ಕನ್ನಡಕ ತೆಗೆದು ನೀರು ನೋಡಿದಳು, ಆಮೇಲೆ ಕೌಂಡರನ್ನು ನೋಡಿದಳು. ಅಧಿಕಾರಿ ತಮ್ಮ ಬೂಟಿನ ಕೆಳಗಿನ ಮಣ್ಣು ನೋಡಿದರು.

“ಇದು ಕರೈಯಾ?” ಅಂತ ನನ್ನನ್ನು ಕೇಳಿದರು. ಇದು ಕಟ್ಟೆಯಾ ಅಂತ.

“ಹೌದು ಸಾಮಿ, ಕರೈ. ನಾವು ಅದಕ್ಕೆ ಏರಿ ಅಂತೀವಿ. ನಮ್ಮ ಮುದುಕಿ ಹೇಳಿದ್ದು ಇದನ್ನೇ. ಕೌಂಡರಿಗೆ ಗೊತ್ತು. ಅವರ ತಾಯಿಯನ್ನು ಬೇಕಾದರೆ ಕೇಳಿ, ಅವರ ಮನೆಯಲ್ಲೂ ಇದಕ್ಕೆ ಅದೇ ಹೆಸರು.”

ಅಧಿಕಾರಿ ಕೌಂಡರ ಕಡೆ ತಿರುಗಿದರು. ಕೌಂಡರು ನೀರಿನ ಕಡೆ ತಿರುಗಿದರು. ಜೆಸಿಬಿಯವನು ಇಂಜಿನ್ ಆರಿಸಿದ.

ಗೆದ್ದೆವು ಅಂತ ನಾನು ನಂಬುವುದಿಲ್ಲ. ನಾಳೆ ಇನ್ನೊಬ್ಬ ಅಧಿಕಾರಿ ಬರಬಹುದು, ಇನ್ನೊಂದು ಸಿಹಿ ಮಾತು ಬರಬಹುದು. ನನ್ನ ಅನುಮಾನ ನನ್ನ ಹತ್ತಿರವೇ ಇರಲಿ. ಆ ದಿನ ಮಾತ್ರ ಅಯ್ಯನಾರ್ ನೀರಿಗೆ ಇಳಿಯಲಿಲ್ಲ.

ಅತ್ತೆ ಬಾಗಿಲಿಂದ ನನ್ನ ಸೆರಗು ಹಿಡಿದು ಎಳೆದಳು. ಇಷ್ಟು ಹೊತ್ತು ಪೇಟೆಯ ತಮಿಳಿನ ಗದ್ದಲದಲ್ಲಿ ಅವಳಿಗೆ ಏನೂ ತಿಳಿದಿರಲಿಲ್ಲ.

“ಯಾಕೆ ಮೂಕಾ, ದೊಡ್ಡಮನೆ ಮಗ ಅಂಗೆ ಬಡ್ಕಂತಾವ್ನೆ? ಏನಂದ?”

“ಏರಿನಾಗೆ ಇರೋದು ನಾನೇ ಅಂದ, ಅತ್ತೆ.”

ಅತ್ತೆ ಹೊಸಿಲ ಮೇಲೆ ಇನ್ನಷ್ಟು ಗಟ್ಟಿಯಾಗಿ ಕುಳಿತಳು. ಕಾಲು ಚಾಚಿದಳು.

“ಇವನಾ? ಏರಿ ಮ್ಯಾಲಾ? ಇವನಿಗೆ ಇಲ್ಲಿ ಎಲ್ಲೈತೆ ಜಾಗ? ಇಲ್ಲ ಅಂತ ಹೇಳು.”